ಗೋಡಿ ಯಾರಪ್ಪಂದು?

1/10

ಇದನ್ನ ಓದೂದು ಒಂದ್ ನಿಮಿಷ ನಿಲ್ಲಿಸಿ, ಎದ್ದು ನಿಮ್ಮ ಮನಿ ಪಡಸಾಲಿಗೆ ಹೋಗ್ರಿ. ಹಾಸ್ಟೆಲ್‌ನಾಗ ಇದ್ರ ಕಣ್ಣು ಮುಚ್ಚಿ ಮನಿ ನೆನಸ್ರಿ. ಗೋಡಿ ಮ್ಯಾಲೆ ಏನೇನದಾವ, ಎಣಿಸ್ರಿ.

ದೇವರು ಎಷ್ಟು? ಕ್ಯಾಲೆಂಡರ್ ಎಷ್ಟು? ಆನ್‌ಲೈನ್ ತರಿಸಿದ ಚಿತ್ರ ಎಷ್ಟು? ಮನಿ ಗಂಡಸರ ಫೋಟೋ ಎಷ್ಟು? ಮನಿ ಹೆಣ್ಮಕ್ಕಳ ಫೋಟೋ ಎಷ್ಟು? ಅದರಾಗ ಗಂಡನ ಬಾಜೂಕ ನಿಂತದ್ದು ಬಿಡ್ರಿ, ಹಾರ ಹಾಕಿದ್ದೂ ಬಿಡ್ರಿ. ಆಮ್ಯಾಲೆ ಎಷ್ಟು ಉಳೀತು?

ಕಡೀ ಪ್ರಶ್ನೆ: ನಿಮ್ಮ ಮನ್ಯಾಗಿನವರು ಕೈಲೆ ಮಾಡಿದ್ದು ಒಂದರ ಐತೇನು?

ನಮ್ಮ ಬೆಂಚಿನ ಗೆಳತ್ಯಾರಿಗೆ ಇದನ್ನ ಕೇಳಿದೆ. ದೇವರ ಲೆಕ್ಕ ಫಟ್ ಅಂತ ಬಂತು. ಕಡೀ ಪ್ರಶ್ನೆಗೆ ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿದ್ರು.

ನಮ್ಮ ಕಡೆ ಗೋಡಿ ಏರಬೇಕಂದ್ರ ಗಂಡಸು ಡಿಗ್ರಿ ತಗೋಬೇಕು, ಹೆಂಗಸು ಸಾಯಬೇಕು. ಎಲ್ಲಾ ಮನಿ ಹಿಂಗಿಲ್ಲ, ಗೊತ್ತೈತಿ. ನಿಮ್ಮ ಮನಿ ಹಿಂಗಿಲ್ಲಂದ್ರ ಭಾಳ ಸಂತೋಷ. ಉಳಿದ ಒಂಬತ್ತು ಭಾಗ ಯಾರಿಗೆ ಬೇಕೋ ಅವರಿಗೆ ಕಳಸ್ರಿ.

2/10

ನಾವು ಬಿಕಾಂನವರು. ಲೆಕ್ಕದಿಂದಲೇ ಶುರು ಮಾಡೋಣ.

ಗೋಡೆ ಅನ್ನೋದು ಮನೆಯ ಬ್ಯಾಲೆನ್ಸ್ ಶೀಟ್. ಮನೆಗೆ ಬಂದವರಿಗೆ ನಾವು ತೋರಿಸುವ ಲೆಕ್ಕ ಅದು. ಈ ಮನ್ಯಾಗ ಯಾರಿಗೆ ಬೆಲಿ ಐತಿ, ಯಾವುದಕ್ಕೆ ಬೆಲಿ ಐತಿ ಅಂತ ಯಾರೂ ಬಾಯಿ ಬಿಟ್ಟು ಹೇಳೂದಿಲ್ಲ, ಗೋಡಿ ಹೇಳತೈತಿ.

ಈಗ ಆ ಶೀಟಿನಾಗ ಏನೈತಿ? ಮೂರು ತುಂಡಿನ ಬುದ್ಧ. ಓಡೂ ಏಳು ಕುದರಿ. ‘ಗುಡ್ ವೈಬ್ಸ್ ಓನ್ಲಿ’ ಅಂತ ಬರದ ಹಲಗಿ. ಕಪ್ಪು ಬಿಳುಪಿನ ಐಫೆಲ್ ಟವರ್. ಇಳಕಲ್ಲಿನ ಪಡಸಾಲ್ಯಾಗ ಐಫೆಲ್ ಟವರ್! ಪ್ಯಾರಿಸ್‌ನಾಗ ಯಾರರ ಸೋಫಾದ ಮ್ಯಾಲೆ ನಮ್ಮ ಬನಶಂಕರಿ ತೇರು ತೂಗ ಹಾಕ್ಯಾರೇನು?

ಬುದ್ಧನ ಮ್ಯಾಲೆ ನನಗ ಸಿಟ್ಟಿಲ್ಲ. ಕುದುರೆ ಮ್ಯಾಲೂ ಇಲ್ಲ. ಆದರೆ ಒಂದೇ ಅಚ್ಚಿನಿಂದ ಸಾವಿರಾರು ಮನೆಗೆ ಹೋಗುವ ಚಿತ್ರಕ್ಕೆ ಡಬ್ಬಿ ಒಡೆದ ದಿನವೇ ಸವಕಳಿ ಶುರು. ನಾಲ್ಕು ವರ್ಷಕ್ಕ ಅದರ ಹಿಂದಿನ ಹಲಗಿ ತೇವಕ್ಕ ಉಬ್ಬತೈತಿ, ಅಂಚು ಬಿಚ್ಚತೈತಿ, ಗುಜರಿಯಾಂವ ಸುದ್ದಾ ಮೂಸಿ ನೋಡೂದಿಲ್ಲ.

ಅದೇ ಹೊತ್ತಿಗೆ ಟ್ರಂಕಿನಾಗ ನಿಮ್ಮಾಯಿ ವರ್ಷಗಟ್ಟಲೆ ಕೂತು ಹಾಕಿದ ಕಸೂತಿ ಐತಿ. ಅದಕ್ಕ ಲೆಕ್ಕದ ಪುಸ್ತಕದಾಗ ಎಂಟ್ರಿ ಇಲ್ಲ. ಯಾಕಂದ್ರ ಅದಕ್ಕ ಬಿಲ್ ಇಲ್ಲ, ವೋಚರ್ ಇಲ್ಲ. ಮನಿ ಹೆಣ್ಮಗಳ ದುಡಿಮಿಗೆ ಯಾರೂ ಪಗಾರ ಕೊಟ್ಟಿಲ್ಲ. ರೊಕ್ಕ ಕೊಟ್ಟಿಲ್ಲ, ಅದಕ್ಕ ಬೆಲಿ ಇಲ್ಲ ಅಂತ ತಿಳ್ಕೊಂಡಿವಿ. ಇದಕ್ಕಿಂತ ದೊಡ್ಡ ಲೆಕ್ಕದ ತಪ್ಪು ಯಾವ ಸೆಮಿಸ್ಟರಿನಾಗೂ ನಾ ನೋಡಿಲ್ಲ.

3/10

ಟ್ರಂಕು ತೆಗೀರಿ. ಒಂದೊಂದ ನೋಡೋಣ.

ಇಳಕಲ್ ಸೀರಿ. ಸೀರಿ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಒಡಲಿನ ಒಂದೊಂದು ಎಳಿಗೂ ಸೆರಗಿನ ಒಂದೊಂದು ಎಳಿ ಕೊಂಡಿ ಹಾಕಿ ಜೋಡಸಬೇಕು, ಆಮ್ಯಾಲೆ ನೇಯ್ಗಿ. ಸಾವಿರಾರು ಕೊಂಡಿ. ಈ ಕೊಂಡಿ ಕೆಲಸದಾಗ ಮನಿ ಹೆಣ್ಮಕ್ಕಳ ಕೈ ಎಷ್ಟೈತಿ ಅನ್ನೂದು ಮಗ್ಗ ಇದ್ದ ಓಣ್ಯಾಗ ಬೆಳೆದವರಿಗೆ ಹೇಳೂದು ಬ್ಯಾಡ. ಕೆಂಪು ಸೆರಗು, ಅದರಾಗ ಬಿಳಿ ತೆನಿ. ಆ ತೋಪ ತೆನಿ ಸೆರಗು ಕಂಡ್ರ ಇದು ಇಳಕಲ್ಲಿಂದು ಅಂತ ದೂರದಿಂದಲೇ ಗೊತ್ತಾಗತೈತಿ.

ಅದರ ಮ್ಯಾಲೆ ಕಸೂತಿ. ಗೋಪುರ, ತೇರು, ಆನಿ, ನವಿಲು, ತುಳಸಿ ಕಟ್ಟಿ. ಪೆನ್ಸಿಲ್‌ಲೆ ಗೆರಿ ಹೊಡ್ಯೂದಿಲ್ಲ, ಅಚ್ಚು ಒತ್ತೂದಿಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕೋದು, ಗಂಟು ಬರಬಾರದು. ಗಾವಂತಿ ಹೊಲಿಗಿ ಹಾಕಿದ್ದು ತಿರುವಿ ನೋಡ್ರಿ. ಮುಂದ ಹೆಂಗೈತೋ ಹಿಂದೂ ಹಂಗ. ಇದು ಜಿಯಾಮೆಟ್ರಿ. ಸಾಲಿಗೆ ಹೋಗದಾಕಿ ಮಾಡಿದ ಜಿಯಾಮೆಟ್ರಿ.

ಕೌದಿ. ಹಳೇ ಸೀರಿ, ಧೋತರ, ಪೋಲಕಾ ಎಲ್ಲಾ ತುಂಡು ಒಂದರ ಮ್ಯಾಲೊಂದು ಇಟ್ಟು ಸಣ್ಣ ಓಟದ ಹೊಲಿಗಿ. ಯಾವ ತುಂಡು ಯಾರದು ಅಂತ ಹೊಲಿದಾಕಿಗೆ ಗೊತ್ತಿರತೈತಿ. ಬಟ್ಟಿ ಮ್ಯಾಲೆ ಹೊಲಿದ ವಂಶಾವಳಿ ಅದು.

ಗುಳೇದಗುಡ್ಡದ ಖಣ. ಬಣ್ಣ, ಬುಟ್ಟಾ, ದಡಿ ಎಲ್ಲಾ ಒಂದು ಕುಬ್ಬಸದಷ್ಟು ಬಟ್ಟ್ಯಾಗ.

ಇಳಕಲ್ ಸೀರಿಗೂ ಕಸೂತಿಗೂ ಸರ್ಕಾರದ ಭೌಗೋಳಿಕ ಸೂಚಕ ಮಾನ್ಯತೆ ಐತಿ. ಸರ್ಕಾರಕ್ಕ ಕಂಡದ್ದು ನಮ್ಮ ಪಡಸಾಲಿಗೆ ಕಾಣವಲ್ದು.

4/10

‘ಹೆಸರು ಯಾಕ ಬೇಕು, ಮನಿಯವರು ಮನಿಗೆ ಮಾಡ್ಯಾರ’ ಅಂತ ಒಬ್ಬರು ಮೆಸೇಜ್ ಹಾಕಿದ್ರು. ಅವರನ್ನ ಪಟ್ಟದಕಲ್ಲಿಗೆ ಕರ್ಕೊಂಡು ಹೋಗೋಣ.

ವಿರೂಪಾಕ್ಷ ಗುಡಿ. ಕಾಲ ಸುಮಾರು 740. ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಬಾಜೂಕೇ ಮಲ್ಲಿಕಾರ್ಜುನ ಗುಡಿ ಕಟ್ಟಿಸಿದಳು. 1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇದೆಲ್ಲ ಟ್ರಿಪ್‌ನಾಗ ಗೈಡ್ ಹೇಳಿದ್ದೇ.

ನಾನು ಹೇಳೂದು ಬ್ಯಾರೆ. ಅಲ್ಲಿನ ಶಾಸನದಾಗ ರಾಣಿ ಹೆಸರು ಐತಿ, ಕಟ್ಟಿದ ಆಚಾರಿಗಳ ಹೆಸರೂ ಐತಿ. ಗುಂಡ ಅನಿವಾರಿತಾಚಾರಿ. ಸರ್ವಸಿದ್ಧಿ ಆಚಾರಿ. ಬರೇ ಹೆಸರಲ್ಲ, ಹೊಗಳಿಕಿ ಸುದ್ದಾ. ಬಾದಾಮಿ ಮೂರನೇ ಗುಹೆಯೊಳಗ ಮಂಗಳೇಶನ ಶಾಸನ ಐತಿ, ಅದರಾಗ ಕಾಲ ಹಾಕ್ಯಾರ: ಶಕ 500, ಅಂದ್ರ 578. ಅದಕ್ಕೇ ಇವತ್ತು ಆ ಗುಹೆ ಯಾವಾಗಿಂದು ಅಂತ ಯಾರೂ ಜಗಳಾಡೂದಿಲ್ಲ.

ಮಾಡಿಸಿದವರು ಯಾರು, ಮಾಡಿದವರು ಯಾರು, ಯಾವಾಗ. ಸಾವಿರದ ಮುನ್ನೂರು ವರ್ಷದ ಹಿಂದೆ ನಮ್ಮ ಇದೇ ಮಲಪ್ರಭಾ ದಂಡಿ ಮ್ಯಾಲಿನ ಮಂದಿಗೆ ಈ ಬುದ್ಧಿ ಇತ್ತು. ನಮಗ? ‘ನಮ್ಮವ್ವ ಏನೋ ಹೊಲಿದಾಳ’ ಅಂತೀವಿ. ಯಾವ ಅವ್ವ, ಯಾವ ವರ್ಷ, ಯಾರ ಮದುವೀಗೆ, ಯಾರಿಂದ ಕಲ್ತಳು? ಒಂದೂ ಇಲ್ಲ.

ಹಿಂಗಾಗಿ ಮೊದಲ್ನೇ ನಿಯಮ. ಗೋಡಿಗೆ ಏನೇ ಹಾಕ್ರಿ, ಹೆಸರು, ಊರು, ವರ್ಷ ಬರೀರಿ. ಫೋಟೋದ ಹಿಂದ ಬರಿಯೂದಿದ್ರ ಮೆತ್ತನ್ನ ಪೆನ್ಸಿಲ್‌ಲೆ ಹಗೂರಕ ಬರೀರಿ. ಬಾಲ್‌ಪೆನ್ ಒತ್ತಿದ್ರ ಮುಂದ ಮಾರಿ ಮ್ಯಾಲೆ ಗೆರಿ ಮೂಡತಾವ.

5/10

ಹೆಸರು ಇಲ್ಲದಿದ್ರ ಏನಾಗತೈತಿ ಅಂತ ಬಾಗಲಕೋಟಿಯವರಿಗಿಂತ ಚೊಲೋ ಯಾರಿಗೆ ಗೊತ್ತು?

ಕೃಷ್ಣಾ ಮೇಲ್ದಂಡೆ ಯೋಜನೆ, ಆಲಮಟ್ಟಿ ಹಿನ್ನೀರು. ಹಳೇ ಬಾಗಲಕೋಟೆಯ ಓಣಿ ಓಣಿ ನೀರಾಗ ಹೋದ್ವು, ನವನಗರ ಎದ್ದಿತು. ಮಂದಿ ಮನಿ ಬಿಚ್ಚಿಕೊಂಡು ಬಂದ್ರು. ನಮ್ಮ ಆಯಿ ತವರಮನಿಯವರೂ ಹಂಗ ಬಂದವರು. ತೊಲಿ ತಂದ್ರು, ಬಾಗಿಲ ಚೌಕಟ್ಟು ತಂದ್ರು, ಹಂಡೆ ಕೊಡ ತಂದ್ರು. ಗೋಡಿ ತರಾಕ ಆಗೂದಿಲ್ಲ. ಗೋಡಿ ಮ್ಯಾಲಿಂದು ತರಬಹುದು.

ಹಂಗ ತಂದದ್ದರಾಗ ಒಂದು ಗ್ರೂಪ್ ಫೋಟೋ ಐತಿ. ಸ್ಟುಡಿಯೋದಾಗ ತೆಗದದ್ದು, ಏಳು ಮಂದಿ ಹೆಣ್ಮಕ್ಕಳು, ಎಲ್ಲಾರದೂ ಇಳಕಲ್ ಸೀರಿ, ತಲಿ ಮ್ಯಾಲೆ ಸೆರಗು. ಆಯಿಗೆ ಇಬ್ಬರ ಹೆಸರು ಗೊತ್ತು. ಉಳಿದ ಐದು ಮಂದಿ ಯಾರು? ಹೇಳೋರು ಯಾರೂ ಉಳಿದಿಲ್ಲ. ಅವರು ಮುಳುಗಿದ್ದು ಹಿನ್ನೀರಿನಾಗ ಅಲ್ಲ. ಯಾರೂ ಬರದಿಡಲಿಲ್ಲ, ಅದರಾಗ ಮುಳುಗಿದ್ರು.

ಈಗ ಆಲಮಟ್ಟಿ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿಸೋ ಮಾತು ನಡೆದೈತಿ. ಇನ್ನಷ್ಟು ಊರು, ಇನ್ನಷ್ಟು ಹೊಲ, ಇನ್ನಷ್ಟು ಪಡಸಾಲಿ. ಪರಿಹಾರ ಎಷ್ಟು, ಎಕರೆಗೆ ಎಷ್ಟು ಅಂತ ಜಗಳ ನಡೀತೈತಿ, ನಡೀಲೇಬೇಕು. ಆದ್ರ ಗೋಡಿ ಮ್ಯಾಲಿಂದಕ್ಕೆ ಯಾವ ಅಧಿಕಾರಿಯೂ ಪಂಚನಾಮೆ ಮಾಡೂದಿಲ್ಲ. ಅದು ನಮ್ಮ ಕೆಲಸ. ನಿಮ್ಮ ಊರು ಆ ಪಟ್ಟಿಯೊಳಗ ಇದ್ರ ಇವತ್ತೇ ಆಯಿ ಮುಂದ ಕೂತು ಕೇಳ್ರಿ, ಫೋನಿನಾಗ ರೆಕಾರ್ಡ್ ಮಾಡ್ರಿ.

6/10

ಈಗ ಹಾಕೂದು ಹೆಂಗ? ರೀಲ್ಸ್ ನೋಡಿದ್ರ ಎಲ್ಲಾರೂ ಒಂದೇ ಮಂತ್ರ ಹೇಳ್ತಾರ: ಚಿತ್ರದ ನಡು ನೆಲದಿಂದ 57 ಇಂಚಿಗೆ ಬರಬೇಕು.

ಆ 57 ಎಲ್ಲಿಂದ ಬಂತು? ಗ್ಯಾಲರಿ, ಮ್ಯೂಸಿಯಂಗಳಿಂದ. ಅಲ್ಲಿ ಮಂದಿ ನಿಂತು ನೋಡ್ತಾರೆ. ನಿಂತವರ ಕಣ್ಣಿನ ಮಟ್ಟ ಅದು. ನಮ್ಮ ಮನ್ಯಾಗ ನಿಂತು ಯಾರು ನೋಡ್ತಾರ? ಆಯಿ ನೆಲಕ್ಕ ಕೂತಿರತಾಳ. ಬೀಗರು ಬಂದ್ರ ಜಮಖಾನಿ ಹಾಸತೀವಿ. ಮದುವಿ ಮಾತು, ಪಾಲಿನ ಪಂಚಾಯ್ತಿ, ಹಸಗೂಸಿನ ಸ್ನಾನ, ಶೇಂಗಾ ಸುಲಿಯೂದು, ಎಲ್ಲಾ ನೆಲದ ಮ್ಯಾಲೆ. ನೆಲಕ್ಕೆ ಕೂತವರ ಕಣ್ಣು ಸುಮಾರು 28ರಿಂದ 30 ಇಂಚಿನ ಎತ್ತರಕ್ಕೆ ಬರುತ್ತದೆ. ಟೇಪ್ ತಗೊಂಡು ನಿಮ್ಮ ಆಯಿನ್ನ ಕೂಡಿಸಿ ಅಳತಿ ಮಾಡ್ರಿ.

ಹಳೇ ಮಂದಿ ಫೋಟೋ ಮ್ಯಾಲೆ ಹಾಕ್ತಿದ್ರು ಖರೆ. ಆದ್ರ ಮುಂದಕ್ಕ ಬಾಗಿಸಿ ಹಾಕ್ತಿದ್ರು, ಹಿಂದ ಉದ್ದನ್ನ ದಾರ ಕಟ್ಟಿ. ನೆಲಕ್ಕ ಕೂತಾಂವ ತಲಿ ಎತ್ತಿದ್ರ ಫೋಟೋ ಅವನ ಕಡೆ ನೋಡತಿತ್ತು, ಗಾಜಿಗೆ ಬಾಗಿಲ ಬೆಳಕೂ ಹೊಡೀತಿರಲಿಲ್ಲ. ನಾವೀಗ ಅದನ್ನ ಬಿಟ್ಟು, ಎತ್ತರ ಮಾತ್ರ ಉಳಿಸಿಕೊಂಡು, ಪಿಓಪಿ ಸೀಲಿಂಗ್‌ಗೆ ಹತ್ತಿಸಿ ಸೆಟ್ ಮಾಡಿ ನಿಲ್ಲಸೀವಿ. ಪಲ್ಲಿ ಬಿಟ್ರ ಯಾರೂ ನೋಡೂದಿಲ್ಲ.

ಎರಡನೇ ನಿಯಮ: ಗೋಡೆ ಅದರ ಕೆಳಗೆ ಕೂಡುವವರದು. ಎತ್ತರ ಅವರ ಕಣ್ಣಿನಿಂದ ಅಳೀರಿ. ನೆಲದ ಕೂಟ ಇದ್ದಲ್ಲಿ ಚಿತ್ರದ ನಡು 40–45 ಇಂಚಿಗೆ ಇಳಿಸ್ರಿ. ಓಡಾಡುವ ಜಾಗದಾಗ, ಬಾಗಿಲ ಹಾದಿಯೊಳಗ ಬೇಕಾದ್ರ 57 ಇರಲಿ. ಸಣ್ಣ ಹುಡುಗ್ರು ಇದ್ರ ಕೆಳಗಿನದಕ್ಕ ಗಾಜು ಬ್ಯಾಡ, ಅಕ್ರಿಲಿಕ್ ಹಾಕಸ್ರಿ.

7/10

ಸಾಮಾನಿನ ಸುತ್ತ ಹಾಕೂ ಲೆಕ್ಕ. ಇದನ್ನ ಸೇವ್ ಮಾಡಿಕೊಳ್ರಿ.

ಸೋಫಾ, ದಿವಾನ, ಪಲ್ಲಂಗದ ಮ್ಯಾಲೆ ಹಾಕೂದಿದ್ರ ಅದರ ಅಗಲದ ಮೂರರಲ್ಲಿ ಎರಡು ಪಾಲು ತುಂಬಲಿ. 6 ಅಡಿ ದಿವಾನ ಇದ್ರ ಎಲ್ಲಾ ಫ್ರೇಮ್ ಕೂಡಿ 4 ಅಡಿ. ನಡುಮನಿಯಷ್ಟ ದೊಡ್ಡ ದಿವಾನಿಗೆ ಪೋಸ್ಟ್‌ಕಾರ್ಡಿನಷ್ಟ ಫೋಟೋ ಹಾಕಿದ್ರ ಜಾತ್ರ್ಯಾಗ ಕಳೆದ ಕೂಸಿನಂಗ ಕಾಣತೈತಿ.

ಸೋಫಾದ ಬೆನ್ನಿನಿಂದ ಫ್ರೇಮಿನ ತಳಕ್ಕ 6–8 ಇಂಚು. ಅದಕ್ಕಿಂತ ಕಮ್ಮಿ ಆದ್ರ ಒರಗಿದವರ ತಲಿಗೆ ಬಡಿತೈತಿ, ಎಣ್ಣಿ ಕಲಿ ಬೀಳತೈತಿ. ಜಾಸ್ತಿ ಆದ್ರ ಸಾಮಾನಿಗೂ ಚಿತ್ರಕ್ಕೂ ಸಂಬಂಧ ಹರೀತೈತಿ.

ಭಾಳ ಫೋಟೋ ಇದ್ರ ನಡುವ 2–3 ಇಂಚು ಸಮ ಜಾಗ ಬಿಡ್ರಿ. ಫ್ರೇಮ್ ಒಂದೇ ನಮೂನಿ ಇರಬೇಕಂತಿಲ್ಲ, ನಡುವಿನ ಜಾಗ ಒಂದೇ ಇದ್ರ ಸಾಕು.

ಮೊಳಿ ಹೊಡಿಯೂಕಿಂತ ಮೊದಲು ಹಳೇ ಪೇಪರ್ ಫ್ರೇಮಿನ ಅಳತಿಗೆ ಕತ್ತರಿಸಿ ಟೇಪ್ ಹಚ್ಚಿ ನೋಡ್ರಿ. ಎರಡು ದಿನ ಹಂಗೇ ಇರಲಿ. ಮನಿ ಮಂದಿ ಎಲ್ಲಾ ಬೈಯಲಿ. ಆಮ್ಯಾಲೆ ಮೊಳಿ.

ಟಿವಿ ಸುತ್ತ ಹಾಕಬ್ಯಾಡ್ರಿ. ಟಿವಿ ಹತ್ತಿದ್ರ ಅವ್ವನ ಮಾರಿ ಯಾರೂ ನೋಡೂದಿಲ್ಲ.

ಸಿಮೆಂಟ್ ಗೋಡಿಗೆ ಡ್ರಿಲ್, ಪ್ಲಗ್, ಸ್ಕ್ರೂ. ಸ್ವಿಚ್ ಬೋರ್ಡಿನ ನೇರ ಮ್ಯಾಲೆ, ನೇರ ಕೆಳಗ ತೂತು ಹಾಕಬ್ಯಾಡ್ರಿ, ಒಳಗ ವೈರ್ ಇರತೈತಿ. ಬಾದಾಮಿ, ಐಹೊಳಿ ಕಡೆ ಹಳೇ ಕಲ್ಲಿನ ಮನಿ ಇದ್ರ ಕಲ್ಲಿಗೆ ಕೈ ಹಚ್ಚಬ್ಯಾಡ್ರಿ, ಕಲ್ಲಿನ ಸಂದಿ ಹುಡುಕ್ರಿ. ಹಳೇ ಗೂಟ ಇದ್ರ ಅದೇ ಸಾಕು. ಗೋಡ್ಯಾಗಿನ ಗೂಡಿನಾಗ ಒಂದು ಫೋಟೋ ನಿಲ್ಲಿಸಿದ್ರ ಅದಕ್ಕಿಂತ ಛಂದ ಫ್ರೇಮ್ ಯಾವ ಅಂಗಡ್ಯಾಗೂ ಸಿಗೂದಿಲ್ಲ.

8/10

ಬಟ್ಟಿ ಹಾಕೂದು ಬ್ಯಾರೆ ವಿದ್ಯಾ. ಇಲ್ಲಿ ಅವಸರ ಮಾಡಿದ್ರ ಅರವತ್ತು ವರ್ಷದ ಸೆರಗು ಆರು ತಿಂಗಳದಾಗ ಹಾಳು.

ಉಡಾಕ ಬರೂ ಸೀರಿಗೆ ಕತ್ತರಿ ಹಚ್ಚಬ್ಯಾಡ್ರಿ. ಇದು ಗೆರಿ, ದಾಟಬ್ಯಾಡ್ರಿ. ‘ಇಳಕಲ್ ವಾಲ್ ಆರ್ಟ್’ ಅಂತ ಚಲೋ ಸೀರಿ ಕತ್ತರಿಸಿ ಫ್ರೇಮ್ ಮಾಡೋರ ವಿಡಿಯೋ ನೋಡಿ ಹೊಟ್ಟಿ ಉರೀತೈತಿ. ಒಡಲು ಹರಿದು ಸೆರಗು ಮಾತ್ರ ಉಳಿದ ಸೀರಿ ಪ್ರತಿ ಟ್ರಂಕಿನಾಗೂ ಒಂದರ ಇರತೈತಿ, ಅದನ್ನ ತಗೀರಿ.

ಗೋಂದು, ಫೆವಿಕಾಲ್, ಸ್ಟೇಪ್ಲರ್ ಬ್ಯಾಡವೇ ಬ್ಯಾಡ. ಹತ್ತಿ ಬಟ್ಟಿ ಸುತ್ತಿದ ಹಲಗಿ ಮ್ಯಾಲೆ ಸೆರಗು ಹಾಸಿ, ಅಂಚಿಗೆ ಸಣ್ಣ ಸೂಜೀಲೆ ಸಡ್ಲ ಟಾಕಿ ಹಾಕ್ರಿ. ಗಾಜು ಬಟ್ಟಿಗೆ ಮುಟ್ಟಬಾರದು, ನಡುವ ಸಣ್ಣ ಪಟ್ಟಿ ಕೊಡಾಕ ಫ್ರೇಮ್ ಮಾಡಾಂವಗ ಹೇಳ್ರಿ. ಇಲ್ಲಂದ್ರ ಮಳಿಗಾಲದಾಗ ತೇವ ಕೂತು ಬೂಸರ ಬರತೈತಿ.

ಕೌದಿ ತೂಗ ಹಾಕೂದಿದ್ರ ನಾಲ್ಕು ಮೂಲಿಗೆ ಮೊಳಿ ಹೊಡಿಬ್ಯಾಡ್ರಿ. ಭಾರಕ್ಕ ಮೂಲಿ ಹರೀತಾವ. ಹಿಂದ ಮ್ಯಾಲಿನ ಅಂಚಿಗೆ ಉದ್ದಕ ಒಂದು ಪಟ್ಟಿ ಬಟ್ಟಿ ಹೊಲಿದು, ಲಾಡಿ ಪೋಣಸೂ ನೇಪೆದಂಗ ಮಾಡಿ, ಅದರಾಗ ಒಂದು ಕೋಲು ತೂರಿಸ್ರಿ. ಭಾರ ಎಲ್ಲಾ ಕಡೆ ಸಮ ಹಂಚಿಕೊಳ್ಳತೈತಿ.

ಬಿಸಿಲು ನೇರ ಬೀಳೂ ಗೋಡಿ ಬ್ಯಾಡ. ನಮ್ಮ ಕಡೆ ಬಿಸಿಲಿಗೆ ಬಣ್ಣ ತಿನ್ನೋ ಚಟ ಐತಿ. ಅಡಗಿಮನಿ ಗೋಡಿನೂ ಬ್ಯಾಡ, ಒಗ್ಗರಣಿ ಎಣ್ಣಿ ಕೂಡತೈತಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಇಳಿಸಿ, ಬ್ಯಾರೆದು ಹಾಕಿ, ಇದಕ್ಕ ವಿಶ್ರಾಂತಿ ಕೊಡ್ರಿ.

9/10

ಈಗ ನಿಮ್ಮ ತಕರಾರು. ಡಿಎಂ ತುಂಬೈತಿ.

‘ಸೀರಿ ಇರೂದು ಉಡಾಕ, ಗೋಡಿಗೆ ಅಲ್ಲ. ಗೋಡಿಗೆ ಹಾಕಿದ್ರ ನೇಕಾರಗ ಏನು ಬಂತು?’ ಇದು ಖರೇನ ಗಟ್ಟಿ ಮಾತು. ಗೋಡಿಗೆ ಹಾಕಿದ ಹಳೇ ಸೆರಗು ನೇಕಾರನ ಹೊಟ್ಟಿ ತುಂಬೂದಿಲ್ಲ. ಅದಕ್ಕ ನಾ ಹೇಳೂದು ಎರಡೂ: ಹಳೇದನ್ನ ಗೋಡಿಗೆ ಹಾಕ್ರಿ, ಹೊಸದನ್ನ ಕೈಮಗ್ಗದಾಂವನ ಹತ್ರ ತಗೊಂಡು ಉಡ್ರಿ. ಐಫೆಲ್ ಟವರಿನ ರೊಕ್ಕ ಉಳೀತಲ್ಲ, ಅದರಾಗ ಒಂದು ಖಣ ಬರತೈತಿ. ದಿನಾ ಕೈಮಗ್ಗದ ಸೆರಗು ನೋಡಿದ ಕಣ್ಣಿಗೆ ಪಾಲಿಸ್ಟರ್ ನಕಲಿ ಮಾಲು ತಾನಾಗೇ ಗೊತ್ತಾಗತೈತಿ. ಗಿರಾಕಿಗೆ ಗುರುತು ಸಿಕ್ಕರೆ ಮೋಸ ಕಮ್ಮಿ. ಇದೂ ಕಾಮರ್ಸೇ.

‘ಬಾಡಿಗಿ ಮನಿ, ಮೊಳಿ ಹೊಡಿಯಾಕ ಬಿಡೂದಿಲ್ಲ.’ ಕಪಾಟಿನ ಮ್ಯಾಲೆ ಒರಗಿಸಿ ಇಡ್ರಿ. ಕಿಟಕಿ ಸರಳಿಗೆ ದಾರ ಕಟ್ಟಿ ಕ್ಲಿಪ್ ಹಾಕ್ರಿ. ಹಾಸ್ಟೆಲ್ ಮಂಚದ ಬಾಜೂಕ ಅವ್ವಂದು ಒಂದೇ ಒಂದು ಫೋಟೋ ಸಾಕು.

‘ನಮ್ಮವ್ವ ಒಪ್ಪೂದಿಲ್ಲ. ಇನ್ನೂ ಜೀವಂತ ಅದೀನಿ, ನನ್ನ ಫೋಟೋ ಯಾಕ ಹಾಕ್ತಿ ಅಂತಾಳ.’ ಎಲ್ಲಾ ಅವ್ವಂದಿರೂ ಹಂಗೇ ಅಂತಾರ. ಯಾಕಂದ್ರ ಅವರು ಕಂಡ ಹೆಂಗಸರ ಫೋಟೋಕ್ಕೆಲ್ಲ ಹಾರ ಇತ್ತು. ಆ ಸಂಬಂಧ ಕಡಿಬೇಕಂದ್ರ ಇದ್ದಾಗಲೇ ಹಾಕಬೇಕು. ಮಗ್ಗದ ಮುಂದ ಕೂತದ್ದು, ರೊಟ್ಟಿ ಬಡಿಯೂದು, ಬ್ಯಾಂಕಿಗೆ ಸಹಿ ಹಾಕೂದು, ಯಾವುದರ ತಗೀರಿ. ನಗುವುದಿದ್ರ ಇನ್ನೂ ಚೊಲೋ.

‘ಇಷ್ಟು ಸಣ್ಣ ವಿಷಯಕ್ಕ ಹತ್ತು ಪೋಸ್ಟ್ ಬೇಕೇನು?’ ಸಣ್ಣದಾಗಿದ್ರ, ಅಜ್ಜನ ಫೋಟೋ ಪಡಸಾಲಿಯಿಂದ ಅಡಗಿಮನಿಗೆ ಸರಿಸಿ ನೋಡ್ರಿ. ಸಂಜಿಕ ಮನ್ಯಾಗ ಏನಾಗತೈತಿ ಅಂತ ಬಂದು ಹೇಳ್ರಿ.

10/10

ಅಜ್ಜಂದಿರ ಫೋಟೋ ತಗೀರಿ ಅಂತ ನಾ ಹೇಳವಲ್ಲೆ. ಅವರ ಬಾಜೂಕ ಜಾಗ ಮಾಡ್ರಿ ಅಂತೀನಿ. ದೇವರನ್ನೂ ಇಳಸಬ್ಯಾಡ್ರಿ. ಕುದರಿ ಬೇಕಿದ್ರ ಮಲಗೂ ಖೋಲ್ಯಾಗ ಓಡಲಿ.

ದಸರಾ, ದೀಪಾವಳಿ ಮುಂದ ಮನಿಗೆ ಸುಣ್ಣ ಬಣ್ಣ ಆಗತೈತಿ. ಗೋಡಿ ಮ್ಯಾಲಿಂದು ಎಲ್ಲಾ ಕೆಳಗಿಳಿದು ಕಾಟಿನ ಮ್ಯಾಲೆ ಕೂಡತಾವ. ವರ್ಷದಾಗ ಒಮ್ಮೆ ಸಿಗೂ ಹೊತ್ತು ಅದು. ಬಣ್ಣ ಒಣಗಿದ ಮ್ಯಾಲೆ ‘ಯಾವುದು ಎಲ್ಲಿತ್ತೋ ಅಲ್ಲೇ ಹಾಕು’ ಅಂತ ಅಪ್ಪ ಅಂತಾನ. ಆಗ ಸುಮ್ಮನಿರಬ್ಯಾಡ್ರಿ. ಮೂರು ಕೇಳ್ರಿ:

ಇದನ್ನ ಮಾಡಿದವರು ಯಾರು?
ಇದರ ಕೆಳಗ ಕೂಡೋರು ಯಾರು?
ಈ ಮನಿ ನಡಸಾಕಿ ಇದರಾಗ ಎಲ್ಲದಾಳ?

ಮೂರನೇದಕ್ಕ ಉತ್ತರ ಸಿಗದಿದ್ರ ಒಂದು ಮೊಳಿ ಖಾಲಿ ಉಳಸ್ರಿ. ಬರೇ ಮೊಳಿ. ಬಂದವರು ಕೇಳತಾರ, ‘ಇಲ್ಲಿ ಏನಿತ್ತು?’ ಅಂತ. ‘ಏನೂ ಇರಲಿಲ್ಲ, ಇನ್ನ ಮ್ಯಾಲೆ ಇರತೈತಿ’ ಅಂತ ಹೇಳ್ರಿ.

ಬಾಗಲಕೋಟಿ, ಬಾದಾಮಿ, ಹುನಗುಂದ, ಇಳಕಲ್ಲಿನ ಗೆಳತ್ಯಾರ, ಗೆಳೆಯಾರ, ನಿಮ್ಮ ಗೋಡಿ ಫೋಟೋ ಕಳಸ್ರಿ. ಮಾಡಿದವರ ಹೆಸರು, ಊರು, ವರ್ಷ ಕಡ್ಡಾಯ, ಅವರನ್ನ ಕೇಳಿ ಒಪ್ಪಿಗಿ ತಗೊಂಡೇ ಕಳಸ್ರಿ. ಹೆಸರಿಲ್ಲದ್ದು ಸ್ಟೋರಿಗೆ ಹಾಕೂದಿಲ್ಲ.

#ಗೋಡಿಯಾರಪ್ಪಂದು #ಇಳಕಲ್ #ಕಸೂತಿ #ಕೌದಿ #ಹೆಸರುಬರೀರಿ